ಪಲಾಯನದ ಪ್ರಣಯ: ಮುಂಬಯಿ ಚಿತ್ರಗಳಲ್ಲಿ ದಾರಿ ಹಿಡಿದ ಜೋಡಿ

ಸಾಂತಾಕ್ರೂಜ್ ಎರಡು ರಾಜಮಾರ್ಗಗಳ ನಡುವಣ ಮುಂಬಯಿಯ ಉಪನಗರ. ರೈಲುಹಳಿಯ ಪಶ್ಚಿಮಕ್ಕೆ, ಹಿಂದೆ ಘೋಡಬಂದರ್ ರಸ್ತೆಯೆನಿಸಿದ್ದ ಎಸ್.ವಿ. ರೋಡ್, ಪೂರ್ವಕ್ಕೆ, ವಾಕೋಲಾದ ಬದಿಯಲ್ಲಿ ಹಾಯ್ದು ದಹಿಸರದಲ್ಲಿ ಅಹಮದಾಬಾದಿನ ದಾರಿಯನ್ನು ಕೂಡುವ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ. ಹಿಂದೀ ಚಿತ್ರರಂಗದ ಮನೆಯಂಗಳದಲ್ಲಿಯೇ ಇಂಥ ದಾರಿಗಳಿದ್ದರೂ, ಅವುಗಳ ಮೇಲೆ ತರುಣ ಜೋಡಿಯೊಂದನ್ನು ಓಡಿಸುವ ಕಥೆಯನ್ನು ಮಾತ್ರ ಅದು ಅಮೆರಿಕೆಯಿಂದ ತರಿಸಿಕೊಂಡಿತು.

ಆ ಕಥೆಯ ಮೂಲ ಫ್ರಾಂಕ್ ಕ್ಯಾಪ್ರಾ 1934ರಲ್ಲಿ ನಿರ್ದೇಶಿಸಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’. ತಂದೆಯ ಕಣ್ತಪ್ಪಿಸಿ ಮಯಾಮಿಯಿಂದ ನ್ಯೂಯಾರ್ಕಿನ ಬಸ್ಸನ್ನೇರಿದ ಸಿರಿವಂತ ಕನ್ಯೆಯೂ ಕೆಲಸ ಕಳೆದುಕೊಂಡ ಪತ್ರಕರ್ತನೂ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾಗಿ ಬಂದಾಗ, ಅವನು ಹಗ್ಗ ಕಟ್ಟಿ ಕಂಬಳಿಯೊಂದನ್ನು ನಡುವೆ ಇಳಿಬಿಡುತ್ತಾನೆ. ಸಂಯಮವನ್ನೂ ಸರಸವನ್ನೂ ಒಟ್ಟಿಗೆ ಕಾಪಾಡಿದ ಈ ಉಪಾಯಕ್ಕಿಂತಲೂ, ಕಡೆಗೆ ತಂದೆಯೇ ಮಗಳ ಪ್ರೇಮಕ್ಕೆ ಒತ್ತಾಸೆಯಾಗಿ ನಿಲ್ಲುವ ಮುಕ್ತಾಯವು ಭಾರತೀಯ ಮನಸ್ಸಿಗೆ ಹೆಚ್ಚು ಪ್ರಿಯವಾಗಿರಬೇಕು.

ರಾಜ್ ಕಪೂರ್–ನರ್ಗಿಸ್ ಜೋಡಿಯ ‘ಚೋರಿ ಚೋರಿ’ (1956) ಈ ಕಥೆಯ ಸುಪ್ರಸಿದ್ಧ ರೂಪಾಂತರ. ಮರುವರ್ಷವೇ ವಿಜಯ್ ಆನಂದರು ತಮ್ಮ ಚೊಚ್ಚಲ ಚಿತ್ರ ‘ನೌ ದೋ ಗ್ಯಾರಾ’ದಲ್ಲಿ ದೇವ್ ಆನಂದರನ್ನು ದಿಲ್ಲಿಯಿಂದ ಮುಂಬಯಿಗೆ ವಾಹನದಲ್ಲಿ ಹೊರಡಿಸಿ, ಮದುವೆಯಿಂದ ಓಡಿಬಂದ ಕಲ್ಪನಾ ಕಾರ್ತಿಕ್‌ರಿಗೆ ಪುರುಷವೇಷ ತೊಡಿಸಿ ಸಹಪ್ರಯಾಣಿಕಳನ್ನಾಗಿಸಿದರು. 1991ರಲ್ಲಿ ಮಹೇಶ್ ಭಟ್ಟರ ‘ದಿಲ್ ಹೈ ಕಿ ಮಾನ್ತಾ ನಹೀಂ’ ನಾಯಕಿಯನ್ನು ಬೆಂಗಳೂರಿನ ಬಸ್ಸು ಹತ್ತಿಸಿತು. ಅದೇ ಕಥೆ 2007ರಲ್ಲಿ ‘ಹುಡುಗಾಟ’ವಾಗಿ ಕನ್ನಡಕ್ಕೂ ಇಳಿಯಿತು.

ಅಮೆರಿಕೆಯಲ್ಲಿ ಈ ಮಧ್ಯೆ ದಾರಿಯ ಸ್ವರೂಪವೇ ಬದಲಾಗಿತ್ತು. ‘ಬಾನಿ ಅಂಡ್ ಕ್ಲೈಡ್’ (1967), ‘ಬ್ಯಾಡ್‌ಲ್ಯಾಂಡ್ಸ್’ (1973) ಚಿತ್ರಗಳ ಪ್ರಣಯಿಗಳು ತಂದೆಗಲ್ಲ, ಕಾನೂನಿಗೆ ಬೆನ್ನು ತಿರುಗಿಸಿ ಓಡಿದವರು. ಅವರನ್ನು ಆಶೀರ್ವದಿಸಿ ಮನೆಗೆ ಕರೆಯುವವರು ಯಾರೂ ಇರಲಿಲ್ಲ. ಬಹುಕಾಲದ ಮೇಲೆ ಇದೇ ಬಗೆಯ ವಂಚಕ ಜೋಡಿಯನ್ನು ‘ಬಂಟೀ ಔರ್ ಬಬ್ಲಿ’ (2005) ತೆರೆಗೆ ತಂದಾಗಲೂ, ಅವರ ಬೆನ್ನಟ್ಟಿದ ಪೊಲೀಸ್ ಅಧಿಕಾರಿಯೇ ಕೊನೆಗೆ ಮನಕರಗಿ ಕ್ಷಮಿಸುವ ಹಿರಿಯನಾಗಿಬಿಟ್ಟನು.

ಕ್ಷಮಿಸುವ ಹಿರಿಯನ ಈ ನೆರಳಿನಿಂದ ಹೊರಬರುವ ಯತ್ನ ಅದಕ್ಕೂ ಮೊದಲು ರಜತ್ ಮುಖರ್ಜಿಯವರ ‘ರೋಡ್’ (2002) ಚಿತ್ರದಲ್ಲಿಯೇ ಕಾಣುತ್ತದೆ: ಜೋಧಪುರದತ್ತ ಹೊರಟ ಪ್ರೇಮಿಗಳು ಕನಿಕರದಿಂದ ಕಾರಿಗೆ ಹತ್ತಿಸಿಕೊಂಡ ಅಪರಿಚಿತನು ಕೊಲೆಗಡುಕನಾಗಿರುತ್ತಾನೆ. ನವದೀಪ್ ಸಿಂಗರ ‘ಎನ್‌ಎಚ್10’ (2015) ಇನ್ನೂ ಮುಂದೆ ಹೋಗಿ, ಗುರ್ಗಾಂವದ ಸುಶಿಕ್ಷಿತ ದಂಪತಿಗಳನ್ನು ಹರಿಯಾಣದ ಮರ್ಯಾದೆಗೇಡು ಹತ್ಯೆಯೊಂದರ ಎದುರಿಗೆ ನಿಲ್ಲಿಸಿತು. ಇಲ್ಲಿ ಕೊಲ್ಲುವವರು ಅಪರಿಚಿತರಲ್ಲ, ಓಡಿಹೋದ ಹುಡುಗಿಯ ಒಡಹುಟ್ಟಿದವನೂ ಬಂಧುಗಳೂ.

ಅರುವತ್ತು ವರ್ಷಗಳ ಕಾಲ ಓಡಿಹೋದವರನ್ನು ಮನೆಯವರು ಮನ್ನಿಸುವರೆಂಬ ಭರವಸೆಯನ್ನು ನೀಡುತ್ತ ಬಂದ ಚಿತ್ರರಂಗವು ಹೀಗೆ, ಮನ್ನಿಸದ ಮನೆಗಳೂ ಈ ದೇಶದಲ್ಲಿವೆಯೆಂಬ ಸತ್ಯವನ್ನು ಒಪ್ಪಿಕೊಂಡಿತು. ಕಥೆಯ ಚೌಕಟ್ಟು ಎಲ್ಲಿಯದೇ ಆಗಿರಲಿ, ಆ ಸತ್ಯ ಮಾತ್ರ ಎರವಲು ತಂದುದಲ್ಲ.