ತುಪ್ಪಿಲ್ ವೆಂಕಟೇಶ್: ಸೀಸದ ವಿಷಬಾಧೆಯ ಸಂಶೋಧನೆ

ತುಪ್ಪಿಲ್ ವೆಂಕಟೇಶ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಸೀಸ ವಿಷಬಾಧೆಯ ರಾಷ್ಟ್ರೀಯ ಕೇಂದ್ರವನ್ನು ಮುನ್ನಡೆಸಿದವರು. ‘ಭಾರತದ ಲೆಡ್ ಮ್ಯಾನ್’ ಎಂದೇ ಪತ್ರಿಕೆಗಳಲ್ಲಿ ಪರಿಚಿತರು.

ಸೀಸವು ರಕ್ತದ ಹಿಮೋಗ್ಲೋಬಿನ್‌ಗೆ ಬೇಕಾದ ಹೀಮ್ ತಯಾರಾಗುವುದನ್ನು ತಡೆಯುತ್ತದೆ, ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿರುವ ಮಗುವಿನ ಕರುಳು ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಹೊರಲಕ್ಷಣಗಳು ಬಹುಕಾಲ ಕಾಣಿಸದ ಕಾರಣ ರಕ್ತಪರೀಕ್ಷೆಯೇ ಪತ್ತೆಯ ದಾರಿ.

1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಎಂಬ ಸೇವಾಸಂಸ್ಥೆಯು ವೆಂಕಟೇಶ್ ಅವರ ಸಹಯೋಗದಲ್ಲಿ ‘ಪ್ರಾಜೆಕ್ಟ್ ಲೆಡ್-ಫ್ರೀ’ ಹೆಸರಿನಲ್ಲಿ ಬೆಂಗಳೂರು, ದೆಹಲಿ, ಮುಂಬೈ, ಚೆನ್ನೈ ಸೇರಿ ಏಳು ನಗರಗಳಲ್ಲಿ ಸುಮಾರು 22,000 ಜನರ ರಕ್ತ ಪರೀಕ್ಷಿಸಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಸೀಸವು ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮಿತಿಯನ್ನು ದಾಟಿತ್ತು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಈ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು.

ಈ ಸಮೀಕ್ಷೆಯ ಫಲಿತಾಂಶವನ್ನು ಇಡೀ ದೇಶದ ಮಕ್ಕಳ ಸ್ಥಿತಿ ಎಂಬಂತೆ ಉಲ್ಲೇಖಿಸುವುದುಂಟು. ಅದು ಸರಿಯಲ್ಲ. ಅದು ಸೀಸಯುಕ್ತ ಪೆಟ್ರೋಲ್ ಬಳಕೆಯಲ್ಲಿದ್ದ ಕಾಲದ ನಗರಗಳ ಚಿತ್ರ. ಕೊಡಗಿನಂಥ ತೋಟಗಾರಿಕೆಯ ಗುಡ್ಡಗಾಡು ಜಿಲ್ಲೆಗಳು ಅದರಲ್ಲಿಲ್ಲ. ಪೆಟ್ರೋಲಿನಿಂದ ಸೀಸ ಹೋದದ್ದಕ್ಕೆ ಈ ಸಮೀಕ್ಷೆಯೊಂದೇ ಕಾರಣ ಎಂಬ ಮಾತೂ ಪೂರ್ಣವಲ್ಲ. ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ 1995ರಲ್ಲೇ ಬಂದಿತ್ತು; 2000ದಲ್ಲಿ ದೇಶವ್ಯಾಪಿಯಾಯಿತು. ಬೆಂಗಳೂರಿನ ಸಮ್ಮೇಳನ ಆ ಬದಲಾವಣೆಗೆ ಆರೋಗ್ಯದ ಪುರಾವೆ ಒದಗಿಸಿತು ಎಂಬುದೇ ಹೆಚ್ಚು ನಿಖರ.

ಪೆಟ್ರೋಲ್ ಬದಲಾದ ಮೇಲೂ ಸೀಸದ ಇತರ ಮೂಲಗಳು ಉಳಿದವು. ಮುಂದೆ ವೆಂಕಟೇಶ್ ಗೋಡೆ ಬಣ್ಣ, ಆಟಿಕೆ, ಹಳೆ ಬ್ಯಾಟರಿ ಕರಗಿಸುವ ಕುಲುಮೆಗಳತ್ತ ಗಮನ ಹರಿಸಿದರು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರ ನಿಯಮ 2016ರಲ್ಲಿ ಪ್ರಕಟವಾಗಿ, 2017ರ ನವೆಂಬರ್‌ನಲ್ಲಿ ಜಾರಿಗೆ ಬಂತು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ವರದಿಯು ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೊಗ್ರಾಂಗಿಂತ ಹೆಚ್ಚು ಸೀಸವಿದೆ ಎಂದು ಅಂದಾಜಿಸಿತು. ಇದು ಗಣಿತ ಮಾದರಿಯ ಲೆಕ್ಕವೇ ಹೊರತು ಪ್ರತಿ ಜಿಲ್ಲೆಯ ರಕ್ತಪರೀಕ್ಷೆಯಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಮಕ್ಕಳಿಗೆ 1991ರಲ್ಲಿ ನಿಗದಿಪಡಿಸಿದ್ದ 10 ಮೈಕ್ರೊಗ್ರಾಂ ಮಿತಿಯನ್ನು 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿದೆ. ಹಳೆಯ ಸಮೀಕ್ಷೆಯಲ್ಲಿ ಸುರಕ್ಷಿತರೆಂದು ಎಣಿಸಿದ್ದ ಹಲವು ಮಕ್ಕಳು ಇಂದಿನ ಅಳತೆಯಲ್ಲಿ ಸುರಕ್ಷಿತರಲ್ಲ. ನಗರ ಮತ್ತು ಹಳ್ಳಿಗಳಲ್ಲಿ ಹೊಸದಾಗಿ ರಕ್ತಪರೀಕ್ಷೆ ನಡೆಸುವುದು ಈ ಸಂಶೋಧನೆಯ ಮುಂದಿನ ಅಗತ್ಯ.