ಗಲ್ಲಿನಾಚೆ ನೋಡದ ಸುಧಾರಣೆ

ಮರಳಿ ಅಪರಾಧ ಎಸಗಿದವರಿಗೆ ಕಾನೂನೇ ಶಿಕ್ಷೆ ಗೊತ್ತುಮಾಡಿ ನ್ಯಾಯಾಧೀಶರ ಕೈ ಕಟ್ಟಿಹಾಕುವ ಪದ್ಧತಿ ನಮ್ಮಲ್ಲಿ 1983ಕ್ಕೇ ಮುಗಿಯಿತು ಎಂಬ ನಂಬಿಕೆ ಕಾನೂನು ವಲಯದಲ್ಲಿ ಬೇರೂರಿದೆ. ಮುಗಿದದ್ದು ಕಡ್ಡಾಯ ಗಲ್ಲು, ಕಡ್ಡಾಯ ಶಿಕ್ಷೆಯಲ್ಲ. ಹಳೆಯ ದಂಡ ಸಂಹಿತೆಯ 75ನೇ ಸೆಕ್ಷನ್, ಖೋಟಾ ನಾಣ್ಯ ಮತ್ತು ಸ್ವತ್ತಿನ ಕೆಲವು ಅಪರಾಧಗಳಲ್ಲಿ ಮತ್ತೆ ಸಿಕ್ಕಿಬಿದ್ದವನಿಗೆ ಜೀವಾವಧಿಯವರೆಗೂ ಶಿಕ್ಷೆ ಏರಿಸಲು ಅವಕಾಶ ಕೊಟ್ಟಿತ್ತು; ಕನಿಷ್ಠ ಮಿತಿ ಇಟ್ಟಿರಲಿಲ್ಲ. ಆ ಮಿತಿ ತಂದದ್ದು ಅಪರಾಧಿ ಬುಡಕಟ್ಟುಗಳ ಕಾಯ್ದೆ. ಅದರ 1924ರ ರೂಪದಲ್ಲಿ ಎರಡನೇ ಸಲಕ್ಕೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಮೂರನೆಯದಕ್ಕೆ ಜೀವಾವಧಿ ಗಡೀಪಾರು. 1952ರಲ್ಲಿ ಕಾಯ್ದೆ ರದ್ದಾದರೂ ರಾಜ್ಯಗಳು ‘ರೂಢಿಗತ ಅಪರಾಧಿ’ ಕಾಯ್ದೆಗಳ ಮೂಲಕ ಅದೇ ಜನರ ಮೇಲಿನ ಕಣ್ಗಾವಲನ್ನು ಮುಂದುವರಿಸಿದವು. ಮೈಸೂರು ರಾಜ್ಯದ್ದು ಬಂದದ್ದು 1961ರಲ್ಲಿ.

ನಿಜವಾದ ತಿರುವು ಮಿಥು ಪ್ರಕರಣ. ಜೀವಾವಧಿ ಶಿಕ್ಷೆಯಲ್ಲಿರುವವನು ಕೊಲೆ ಮಾಡಿದರೆ ಗಲ್ಲೇ ಗತಿ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 303ನೇ ಸೆಕ್ಷನ್ನನ್ನು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನೇತೃತ್ವದ ಸುಪ್ರೀಂ ಕೋರ್ಟಿನ ಐವರ ಪೀಠ 1983ರ ಏಪ್ರಿಲ್‌ನಲ್ಲಿ ರದ್ದುಮಾಡಿತು. ಪೀಠದ ತರ್ಕ ಇಂದಿಗೂ ಹರಿತವಾಗಿದೆ: ಪೆರೋಲ್ ಮೇಲೆ ಹೊರಬಂದವನು ಕೆರಳಿ ಮಾಡಿದ ಕೊಲೆಯನ್ನೂ ಜೈಲಿನೊಳಗೆ ಹೊಂಚುಹಾಕಿ ಮಾಡಿದ ಕೊಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಶಿಕ್ಷೆ ಮೊದಲೇ ನಿಗದಿಯಾಗಿದ್ದರೆ, ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತು ಕೇಳಬೇಕೆಂಬ 1973ರ ಪ್ರಕ್ರಿಯಾ ಸಂಹಿತೆಯ 235(2)ನೇ ಸೆಕ್ಷನ್ನಿಗೆ ಅರ್ಥವೇನು? ಇದೇ ಎಳೆ ಹಿಡಿದು ಬಾಂಬೆ ಹೈಕೋರ್ಟ್ 2011ರಲ್ಲಿ ಮಾದಕ ದ್ರವ್ಯ ಕಾಯ್ದೆಯ 31ಎ ಸೆಕ್ಷನ್ನಿನ ಮರಣದಂಡನೆಯನ್ನು ಐಚ್ಛಿಕವೆಂದು ಓದಿತು. 2014ರಲ್ಲಿ ಸಂಸತ್ತೂ ಅದನ್ನು ಒಪ್ಪಿ ತಿದ್ದಿತು. ಕಡ್ಡಾಯ ಗಲ್ಲು ವಿಧಿಸುತ್ತಿದ್ದ ಶಸ್ತ್ರಾಸ್ತ್ರ ಕಾಯ್ದೆಯ 27(3) ಬಿದ್ದದ್ದು 2012ರಲ್ಲಿ. ಈ ಸಾಧನೆ ದೊಡ್ಡದೇ. ಆದರೆ ಇದರ ಬೆಳಕಿಗೆ ಕಣ್ಣು ಒಗ್ಗಿಹೋಗಿ, ನೇಣಿನ ಕುಣಿಕೆಯಿಲ್ಲದ ಕಡೆ ನಾವು ನೋಡುವುದನ್ನೇ ಬಿಟ್ಟೆವು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನೇ ನೋಡಿ. ರದ್ದಾದ 303ರ ಜಾಗಕ್ಕೆ ಬಂದ 104ನೇ ಸೆಕ್ಷನ್ ಕೊಡುವ ಆಯ್ಕೆ ಎರಡೇ: ಗಲ್ಲು, ಇಲ್ಲವೇ ಸಾಯುವತನಕ ಸೆರೆ. ಕಾಕತಾಳೀಯವಾಗಿ, ಹೊಸ ಸಂಹಿತೆಯ 303 ಕಳ್ಳತನದ್ದು. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಸಿಕ್ಕಿಬಿದ್ದವನು ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆ ಸಾಕು. ಈ ಉದಾರತೆ ಪತ್ರಿಕೆಗಳಲ್ಲಿ ಮೆಚ್ಚುಗೆ ಗಳಿಸಿತು. ಎರಡನೇ ಸಲ ಸಿಕ್ಕರೆ, ಕದ್ದದ್ದು ಹಳೇ ಸೈಕಲ್ಲಾದರೂ, ಒಂದು ವರ್ಷಕ್ಕೆ ಕಡಿಮೆಯಿಲ್ಲದ ಕಠಿಣ ಸೆರೆ ಎಂಬ ಸಾಲಿಗೆ ಅಷ್ಟು ಗಮನ ಸಿಗಲಿಲ್ಲ. ಹಳೆಯ 379ರಲ್ಲಿ ಬರೀ ದಂಡ ಹಾಕಿ ಕಳಿಸಲೂ ಅವಕಾಶವಿತ್ತು.

ಒಂದು ವರ್ಷ ಹೆಚ್ಚೇನಲ್ಲ, ಮತ್ತೆ ಕದ್ದವನಿಗೆ ಹೆಚ್ಚು ಶಿಕ್ಷೆ ನ್ಯಾಯವೇ ಎನ್ನುವವರಿದ್ದಾರೆ. ಹೆಚ್ಚು ಶಿಕ್ಷೆಗೆ ತಕರಾರಿಲ್ಲ, 75ನೇ ಸೆಕ್ಷನ್ ಅದಕ್ಕೇ ಇತ್ತು. ತಕರಾರಿರುವುದು ಕಡಿಮೆ ಮಾಡಲಾಗದ ಸ್ಥಿತಿಗೆ. ನ್ಯಾಯಾಧೀಶರಿಂದ ನ್ಯಾಯಾಧೀಶರಿಗೆ ಶಿಕ್ಷೆ ಬದಲಾಗುವುದನ್ನು ಇದು ತಡೆಯುತ್ತದೆಂಬ ವಾದಕ್ಕೆ ಹೆಚ್ಚು ತೂಕವಿದೆ. ಆದರೆ ವಿವೇಚನೆ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಶಿಕ್ಷೆ ಏರಬೇಕಾದರೆ ಹಿಂದಿನ ಶಿಕ್ಷೆ ದೋಷಾರೋಪಣೆಯಲ್ಲಿ ನಮೂದಾಗಬೇಕು. ಯಾರ ಹಳೇ ಕಡತ ಹುಡುಕಿ ತರಬೇಕು, ಯಾರದನ್ನು ಬಿಡಬೇಕು ಎಂಬುದು ಠಾಣೆಯ ಕೈಗೆ ಹೋಗುತ್ತದೆ. ಠಾಣೆಯ ದಾಖಲೆಗಳಲ್ಲಿ ಯಾವ ಸಮುದಾಯಗಳ ಹೆಸರು ಮೊದಲಿನಿಂದಲೂ ತುಂಬಿದೆ ಎಂಬುದನ್ನು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಬಂದ 1871ರ ನಂತರದ ಚರಿತ್ರೆಯೇ ಹೇಳುತ್ತದೆ. 1958ರ ಪ್ರೊಬೇಷನ್ ಕಾಯ್ದೆಯಿದೆಯಲ್ಲ ಎಂದರೆ, ಅದು ಅಪರಾಧಿಯ ನಡತೆ ನೋಡಿ ತೆರೆಯುವ ಬಾಗಿಲು. ಒಮ್ಮೆ ಶಿಕ್ಷೆಯಾದವನಿಗೆ ಅದು ಬಿಗಿ. ಕ್ಯಾಲಿಫೋರ್ನಿಯಾದ 1994ರ ‘ಮೂರು ತಪ್ಪಿನ’ ಕಾನೂನು ಮೂರು ಗಾಲ್ಫ್ ಕೋಲು ಕದ್ದವನಿಗೆ 25 ವರ್ಷದಿಂದ ಜೀವಾವಧಿಯವರೆಗಿನ ಸೆರೆ ಕೊಡಿಸಿತು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಕಡೆಗೆ ಅದನ್ನು ಸಡಿಲಿಸಿದವರು 2012ರಲ್ಲಿ ಮತದಾರರೇ.

ನಮಗೆ ಬೇಕಾದ ತಿದ್ದುಪಡಿ ಒಂದೇ ವಾಕ್ಯದ್ದು: ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆದು ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು. ಈ ವಿನಾಯಿತಿ 1924ರ ಆ ಕಾಯ್ದೆಯಲ್ಲೇ ಇತ್ತು. ಹುಟ್ಟಿನಿಂದಲೇ ಕಳ್ಳರೆಂದು ಹಣೆಪಟ್ಟಿ ಹಚ್ಚಿದವರಿಗೂ ವಸಾಹತು ಸರ್ಕಾರ ಉಳಿಸಿದ್ದ ಈ ಅವಕಾಶವನ್ನು, ವಸಾಹತುಶಾಹಿಯ ಗುರುತು ಅಳಿಸುತ್ತೇನೆಂದು ಬಂದ ಸಂಹಿತೆ ಕೊಟ್ಟಿಲ್ಲ.