ಪರಮಗೀತದ ಬಾಗಿಲಿನಿಂದ ಓರಿಜೆನ್

ಕ್ರಿ.ಶ. 2ನೆಯ ಶತಮಾನದ ಈಜಿಪ್ಟ್ ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಆಕ್ಸಿರಿಂಕಸ್ ಎಂಬ ಊರಿನಲ್ಲಿ ದೊರೆತ ಗ್ರೀಕ್ ಪ್ರಹಸನ. ಅದರ ಭಾರತೀಯ ಪಾತ್ರಗಳು ಆಡುವುದು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಷ್ ಸೂಚಿಸಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಜಾಡಿನಲ್ಲಿ ಮುಂದೆ ಸಾಗಿದರು. ವಾದ ಇನ್ನೂ ಮುಗಿದಿಲ್ಲ. ಆದರೆ ಅದೇ ನಾಡಿನ ಅಲೆಕ್ಸಾಂಡ್ರಿಯದಲ್ಲಿ, ಆ ಶತಮಾನ ಮುಗಿಯುವ ಮುನ್ನ, ಸುಮಾರು 185ರಲ್ಲಿ ಹುಟ್ಟಿದ ಓರಿಜೆನ್ ಎಂಬ ದೈವಶಾಸ್ತ್ರಜ್ಞನ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಅಪರಿಚಿತ. ಇಂಗ್ಲಿಷ್ ಎಂ.ಎ. ಮಾಡಿದ ನಮ್ಮಂಥವರೂ ಹಿಂದಕ್ಕೆ ಹೋದರೆ ಸಂತ ಅಗಸ್ಟೀನನವರೆಗೆ ಹೋಗಿ ನಿಂತುಬಿಡುತ್ತೇವೆ. ಓರಿಜೆನ್ ಅವನಿಗಿಂತ ಒಂದೂವರೆ ಶತಮಾನಕ್ಕೂ ಹಿಂದಿನವನು.

ಅವನ ಬಾಳಿನ ಬಗ್ಗೆ ನಮಗೆ ತಿಳಿದಿರುವುದರ ಬಹುಭಾಗ ಯೂಸೀಬಿಯಸ್ ಎಂಬ ಚರಿತ್ರೆಕಾರನು ಬರೆದಿಟ್ಟದ್ದು. ಅಭಿಮಾನಿಯ ಬರೆಹವಾದುದರಿಂದ ತುಸು ಎಚ್ಚರದಿಂದ ಓದಬೇಕು. 202ರ ಸುಮಾರಿಗೆ ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಆಳ್ವಿಕೆಯಲ್ಲಿ ಕ್ರೈಸ್ತರ ಮೇಲೆ ನಡೆದ ಹಿಂಸೆಯಲ್ಲಿ ಅವನ ತಂದೆ ಲಿಯೊನಿಡೀಸ್ ತಲೆಗೊಟ್ಟನು. ತಾನೂ ಹುತಾತ್ಮನಾಗಲು ಹೊರಟ ಹದಿಹರೆಯದ ಮಗನನ್ನು ತಡೆಯಲು ತಾಯಿ ಅವನ ಬಟ್ಟೆಗಳನ್ನೆಲ್ಲ ಬಚ್ಚಿಟ್ಟಳಂತೆ. ಯೂಸೀಬಿಯಸ್ ಆ ತಾಯಿಯ ಹೆಸರನ್ನು ಹೇಳುವುದಿಲ್ಲ. ಓರಿಜೆನ್ ನಮಗೆ ಉಳಿದದ್ದು ಮಾತ್ರ ಅವಳಿಂದ. ಮನೆಯ ಆಸ್ತಿ ಮುಟ್ಟುಗೋಲಾಯಿತು. ಆರು ಮಂದಿ ತಮ್ಮಂದಿರ ಹಿರಿಯಣ್ಣನು ವ್ಯಾಕರಣ ಪಾಠ ಹೇಳಿ ದುಡಿದನು. ಹದಿನೆಂಟರ ಹೊತ್ತಿಗೆ ಹೊಸ ಕ್ರೈಸ್ತರಿಗೆ ಧರ್ಮಬೋಧೆ ನೀಡುವ ಶಾಲೆಯ ಹೊಣೆ ಬಂದಾಗ, ತನ್ನ ಪ್ರಾಚೀನ ಗ್ರೀಕ್ ಗ್ರಂಥಗಳನ್ನು ಮಾರಿದನು. ಕೊಂಡವನು ದಿನಕ್ಕೆ ನಾಲ್ಕು ಓಬಲ್‌ಗಳಂತೆ ಕೊಡುತ್ತಿದ್ದ ಪುಡಿಗಾಸೇ ಅವನ ಜೀವನಾಧಾರ.

ಮುಂದೆ ಆಂಬ್ರೋಸ್ ಎಂಬ ಶ್ರೀಮಂತ ಶಿಷ್ಯನು ಅವನಿಗೆ ಏಳಕ್ಕೂ ಹೆಚ್ಚು ಶೀಘ್ರಲಿಪಿಕಾರರನ್ನು ಒದಗಿಸಿದನು. ಅವರು ಸರದಿಯಂತೆ ಅವನ ಮಾತನ್ನು ಬರೆದುಕೊಳ್ಳುತ್ತಿದ್ದರು. ಅಷ್ಟೇ ಮಂದಿ ಪ್ರತಿಕಾರರು, ಜೊತೆಗೆ ಸುಂದರಾಕ್ಷರ ಬಲ್ಲ ಹೆಣ್ಣುಮಕ್ಕಳು. ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ಒಬ್ಬ ಸ್ಟೆನೋಗಾಗಿ ಮೂವರು ಅಧಿಕಾರಿಗಳು ಕಾಯುವುದನ್ನು ಕಂಡಿರುವ ನಮಗೆ ಇದು ಅಸೂಯೆ ಹುಟ್ಟಿಸುವ ವೈಭವ!

ಅಲೆಕ್ಸಾಂಡ್ರಿಯದ ಬಿಷಪ್ ಡೆಮೆಟ್ರಿಯಸ್‌ನೊಡನೆ ವಿರಸ ಬೆಳೆದು, 230ರ ದಶಕದ ಆರಂಭದಲ್ಲಿ ಓರಿಜೆನ್ ಹುಟ್ಟೂರನ್ನು ತೊರೆದು ಪ್ಯಾಲೆಸ್ತೀನಿನ ಕೈಸರೇಯದಲ್ಲಿ ನೆಲೆಸಿದನು. ಪರಮಗೀತಕ್ಕೆ ಅವನು ಬರೆದ ಹತ್ತು ಸಂಪುಟಗಳ ವ್ಯಾಖ್ಯಾನ ಹುಟ್ಟಿದ್ದು ಹೀಗೆ ಊರು ಬಿಟ್ಟ ಮೇಲೆ: ಅರ್ಧ ಅಥೆನ್ಸ್‌ನಲ್ಲಿ, ಉಳಿದದ್ದು ಕೈಸರೇಯದಲ್ಲಿ. ಹೊಸಬರು ಅವನನ್ನು ಓದತೊಡಗಬೇಕಾದುದು ಇಲ್ಲಿಂದಲೇ ಎಂಬುದು ನಮ್ಮ ಅಭಿಪ್ರಾಯ. ಅವನ ಸಿದ್ಧಾಂತಗ್ರಂಥವಾದ 'ಮೂಲತತ್ತ್ವಗಳು' ಕಠಿಣ. ಅಲ್ಲಿ ತೊಡಗಿದವರು ಬಹುಮಟ್ಟಿಗೆ ಅಲ್ಲೇ ಬಿಡುತ್ತಾರೆ.

ಪರಮಗೀತವು ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿರುವ ಪ್ರೇಮಕಾವ್ಯ. ಪ್ರೌಢರಾಗದವರು ಅದನ್ನು ಮುಟ್ಟಬಾರದೆಂಬ ಯೆಹೂದಿ ಸಂಪ್ರದಾಯವನ್ನು ಓರಿಜೆನ್ ತಾನೇ ನೆನೆಯುತ್ತಾನೆ. ಶಾಸ್ತ್ರಕ್ಕೆ ಮನುಷ್ಯನಂತೆಯೇ ದೇಹ, ಪ್ರಾಣ, ಆತ್ಮಗಳೆಂಬ ಮೂರು ನೆಲೆಗಳಿವೆಯೆಂಬುದು ಅವನ ನಿಲುವು. ಅಕ್ಷರಾರ್ಥ ದೇಹ ಮಾತ್ರ. ಹೀಗೆ ಓದಿದಾಗ ವಧುವು ಒಮ್ಮೆ ಸಭೆ, ಒಮ್ಮೆ ಒಬ್ಬೊಬ್ಬರ ಜೀವ. ವರನು ದೇವರ ವಾಕ್ಯ. ಆ ವಾಕ್ಯವೇ ಬಾಣವಾಗಿ ನಾಟಿ, ಜೀವವು ಪ್ರೇಮದಿಂದ ಗಾಯಗೊಳ್ಳುತ್ತದೆ. ಶರಣಸತಿ ಲಿಂಗಪತಿ ಎಂಬ ಮಾತನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಬೆರಗೇನೂ ಇಲ್ಲ. ವ್ಯತ್ಯಾಸವಿರುವುದು ಬೇರೆಡೆ. ಅಕ್ಕಮಹಾದೇವಿ ತನ್ನ ವಿರಹವನ್ನು ತಾನೇ ನುಡಿಯುತ್ತಾಳೆ. ಓರಿಜೆನ್ ಇನ್ನೊಬ್ಬರ ಹಾಡಿನ ಪದಪದವನ್ನೂ ಬಿಡಿಸುತ್ತ, ತಾನು ಮರೆಯಲ್ಲಿ ನಿಲ್ಲುವ ವ್ಯಾಖ್ಯಾನಕಾರ. ಒಮ್ಮೆ ಮಾತ್ರ ಆ ಮರೆ ಸರಿಯುತ್ತದೆ. ಪರಮಗೀತದ ಮೇಲಿನ ಮೊದಲನೆಯ ಪ್ರವಚನದಲ್ಲಿ, ದೇವರನ್ನು ಸಾಕ್ಷಿಯಾಗಿಟ್ಟು, ವರನು ಎಷ್ಟೋ ಸಲ ತನ್ನ ಹತ್ತಿರ ಬಂದು, ಹಿಡಿದೆನೆನ್ನುವಷ್ಟರಲ್ಲಿ ಜಾರಿಹೋದನೆಂದು ಹೇಳಿಕೊಳ್ಳುತ್ತಾನೆ. ಇಂಥ ಅನುಭವವಿಲ್ಲದವರಿಗೆ ಇದು ತಿಳಿಯದೆಂದೂ ಸೇರಿಸುತ್ತಾನೆ. ಅರ್ಥ ಹೊಳೆದು ಮರೆಯಾಗುವುದೂ ದೇವರು ಬಂದು ಹೋಗುವುದೂ ಅವನಿಗೆ ಒಂದೇ. ಅವನನ್ನು ಅನುಭಾವಿ ಎನ್ನಲು ನಮಗೆ ಈ ಕೆಲವು ಸಾಲುಗಳೇ ಸಾಕು.

ಇಲ್ಲೊಂದು ಎಚ್ಚರಿಕೆ. ಜೀವಗಳು ಈ ಲೋಕಕ್ಕೆ ಬರುವ ಮುನ್ನವೇ ಇದ್ದವು, ದೇವರಿಂದ ಜಾರಿ ಇಲ್ಲಿ ಬಿದ್ದವು ಎಂದು ಅವನು ಊಹಿಸಿದ್ದನ್ನು ಕಂಡು ನಮ್ಮವರು ಕೂಡಲೇ ಪುನರ್ಜನ್ಮವೆಂದುಬಿಡುತ್ತಾರೆ. ಅದು ಅವಸರ, ಜೀವವು ದೇಹದಿಂದ ದೇಹಕ್ಕೆ ಸಾಗುತ್ತದೆಂಬ ಮತವನ್ನು ಮತ್ತಾಯನ ಸುವಾರ್ತೆಯ ವ್ಯಾಖ್ಯಾನದಲ್ಲಿ ಅವನು ಸ್ಪಷ್ಟವಾಗಿ ತಳ್ಳಿಹಾಕಿದ್ದಾನೆ. ಅವನ ನಿಜವಾದ ಧೈರ್ಯವಿದ್ದದ್ದು ಇನ್ನೊಂದು ನಂಬುಗೆಯಲ್ಲಿ: ದೇವರ ಶಿಕ್ಷೆ ವೈದ್ಯನ ಚಿಕಿತ್ಸೆಯಂಥದು, ಕೊನೆಗೆ ಎಲ್ಲವೂ ಅವನಲ್ಲಿಗೇ ಮರಳೀತು.

ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ, 250ರಲ್ಲಿ, ಕಬ್ಬಿಣದ ಕೊರಳಪಟ್ಟಿ ತೊಡಿಸಿ ಅವನನ್ನು ಹಿಂಸಿಸಿದರು. ಅವನು ಮಣಿಯಲಿಲ್ಲ, ಕೆಲವೇ ವರ್ಷಗಳಲ್ಲಿ ತೀರಿಕೊಂಡನು. ಚಿತ್ರಹಿಂಸೆಯಲ್ಲೂ ಸಭೆಯ ಕೈಬಿಡದವನನ್ನು ಸಭೆ ಕೈಬಿಟ್ಟಿತು: ಮೂರು ಶತಮಾನಗಳ ಮೇಲೆ, 543ರಲ್ಲಿ ಚಕ್ರವರ್ತಿ ಜಸ್ಟಿನಿಯನ್‌ನ ಆಜ್ಞೆಯೂ 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯೂ ಅವನನ್ನು ಖಂಡಿಸಿದವು. ಗ್ರೀಕ್ ಮೂಲಗಳಲ್ಲಿ ಬಹುಪಾಲು ಅಳಿದವು. ಪರಮಗೀತದ ವ್ಯಾಖ್ಯಾನದಲ್ಲಿ ಮೊದಲ ಕೆಲವು ಭಾಗಗಳಷ್ಟೇ ರುಫಿನಸ್‌ನ ಲ್ಯಾಟಿನ್ ಅನುವಾದದಲ್ಲಿ ಉಳಿದಿವೆ. ಕವಿರಾಜಮಾರ್ಗವು ಹೆಸರಿಸುವ ದುರ್ವಿನೀತ, ವಿಮಲೋದಯರ ಕನ್ನಡ ಕೃತಿಗಳಿಗಾಗಿ ಇಂದಿಗೂ ಹಂಬಲಿಸುವ ನಾವು ಈ ನಷ್ಟದ ತೂಕವನ್ನು ಬಲ್ಲೆವು.

ಆದರೆ ಅವನ ಪುಟಗಳು ಒಂದೊಂದಾಗಿ ಮರಳುತ್ತಿವೆ. 1941ರಲ್ಲಿ ಯುದ್ಧದ ಮದ್ದುಗುಂಡು ಇಡಲೆಂದು ಕೈರೋ ಬಳಿಯ ತುರಾದ ಗುಹೆಗಳನ್ನು ತೆರವುಗೊಳಿಸುವಾಗ, ಹೆರಕ್ಲೈಡೀಸ್ ಎಂಬ ಬಿಷಪ್‌ನೊಡನೆ ಅವನು ನಡೆಸಿದ ಸಂವಾದವಿದ್ದ ಪಪೈರಸ್ ಸಿಕ್ಕಿತು. 2012ರಲ್ಲಿ ಮ್ಯೂನಿಕ್‌ನ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ, ಕೀರ್ತನೆಗಳ ಕುರಿತ ಅವನ 29 ಪ್ರವಚನಗಳ ಗ್ರೀಕ್ ಮೂಲವನ್ನು ಮರೀನಾ ಮೊಲಿನ್ ಪ್ರಾಡೆಲ್ ಎಂಬ ವಿದುಷಿ ಗುರುತಿಸಿದರು. ಕಪಾಟಿನಲ್ಲೇ ಇದ್ದ ಪ್ರತಿ, ಯಾರದೆಂದು ತಿಳಿಯದೆ!

ಪರಮಗೀತದ ಮೇಲಿನ ಪ್ರವಚನಗಳು ಎರಡೇ, ಚಿಕ್ಕವು. ಜೆರೋಮ್‌ನ ಲ್ಯಾಟಿನ್ ಮೂಲಕ ಉಳಿದು ಬಂದ ಅವು 1957ರಲ್ಲಿ ಪ್ರಕಟವಾದ ಲಾಸನ್ನರ ಇಂಗ್ಲಿಷ್ ಅನುವಾದದಲ್ಲಿವೆ. ಮೊದಲು ಕನ್ನಡ ಬೈಬಲ್ಲಿನ ಪರಮಗೀತವನ್ನು, ಎಂಟೇ ಅಧ್ಯಾಯಗಳನ್ನು, ಒಂದೇ ಬೈಠಕ್ಕಿನಲ್ಲಿ ಗಟ್ಟಿಯಾಗಿ ಓದಿಕೊಂಡು ಅನಂತರ ಅವನ್ನು ಕೈಗೆತ್ತಿಕೊಳ್ಳಬಹುದು.